ಕಾರಿನ ಪರವಾಗಿ ಒಂದು ಬೀರು

ತೊಳೆದ ಕಾರು ಒಣಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಬಿಸಿಲಿಗೂ ಇಲ್ಲ, ಗಾಳಿಗೂ ಇಲ್ಲ, ಕಾರಿಗಂತೂ ಇಲ್ಲವೇ ಇಲ್ಲ. ಅದು ಸಾರ್ವಜನಿಕ ಆಸನಗಳ ಇಲಾಖೆಗೆ ಸೇರಿದ್ದು. ಇಲಾಖೆಯ ಸ್ವಂತ ಕಾರಿನ ಮಟ್ಟಿಗೆ ಎಂದು ಸೇರಿಸಿ ಹೇಳಬೇಕು. ಬೇರೆಯವರ ಕಾರುಗಳು ಮೊದಲಿನಂತೆ ತಮ್ಮಷ್ಟಕ್ಕೆ ತಾವೇ ಒಣಗುತ್ತಿವೆ, ಅದಕ್ಕೆ ಇಲಾಖೆಯ ಆಕ್ಷೇಪವೇನೂ ಇಲ್ಲ.

ಸಾರ್ವಜನಿಕ ಆಸನಗಳ ಇಲಾಖೆ ಎಂದರೆ ಉದ್ಯಾನದಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಹೊರಗೆ ಜನ ಕೂರಲೆಂದು ಹಾಕಿರುವ ಬೆಂಚುಗಳನ್ನು ನೋಡಿಕೊಳ್ಳುವ ಇಲಾಖೆ. ನೋಡಿಕೊಳ್ಳಬೇಕಾದರೆ ಮೊದಲು ಹೋಗಿ ನೋಡಬೇಕು. ಹೋಗಬೇಕಾದರೆ ಕಾರು ಬೇಕು. ಹಾಗಾಗಿ ನಿರ್ದೇಶಕರಿಗೆ ಹೊಸ ಕಪ್ಪು ಕಾರು ಬಂತು. ಕಾರು ಬಂದ ಮೇಲೆ ಅದನ್ನು ಓಡಿಸುವವನು ಬೇಕು. ಹಾಗಾಗಿ ಟ್ಯಾಂಕರ್ ಬಂದ.

ಟ್ಯಾಂಕರ್ ಎಂದರೆ ಇಲ್ಲಿ ವಾಹನವಲ್ಲ, ಮನುಷ್ಯ. ಬಹಳ ವರ್ಷ ನೀರಿನ ಟ್ಯಾಂಕರ್ ಓಡಿಸಿದ್ದರಿಂದ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಹಾಗೇ ಕರೆಯುತ್ತಿದ್ದರು. ಅವಳು ‘ರೀ’ ಎನ್ನುತ್ತಿದ್ದಳು. ನೀರಿನ ಟ್ಯಾಂಕರ್ ಓಡಿಸುವವರಿಗೆ ಒಂದು ಅಭ್ಯಾಸ ಇರುತ್ತದೆ. ಬ್ರೇಕ್ ಹಾಕಿದಾಗ ಹಿಂದಿನ ನೀರೆಲ್ಲ ಮುಂದಕ್ಕೆ ನುಗ್ಗಿ ಬೆನ್ನಿಗೆ ಗುದ್ದಿದ ಹಾಗಾಗುತ್ತದೆ. ಆ ಗುದ್ದಿಗೆ ಕಾಯುತ್ತಾ ಅವರು ಬೆನ್ನು ಬಿಗಿ ಹಿಡಿದು ಕೂರುತ್ತಾರೆ. ಟ್ಯಾಂಕರ್ ಸ್ಟೂಲಿನ ಮೇಲೂ ಹಾಗೇ ಕೂರುತ್ತಿದ್ದ.

ಇಲಾಖೆ ಅವನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿತ್ತು. ತಿಂಗಳ ಕೊನೆಯವರೆಗೆ ನೋಡುವುದು, ಕೆಲಸ ತೃಪ್ತಿಕರವಾಗಿದ್ದರೆ ಕಾಯಂ ಮಾಡುವುದು, ಇಲ್ಲವಾದರೆ ಕಳಿಸುವುದು. ಕಳಿಸಿದರೆ ಅವನಿಗೆ ಹೋಗಲು ಜಾಗ ಇರಲಿಲ್ಲ. ನೀರಿನ ಟ್ಯಾಂಕರಿನ ಸೀಟಿನಲ್ಲಿ ಆಗಲೇ ಬೇರೊಬ್ಬ ಕೂತಾಗಿತ್ತು. ಕಾಯಂ ಆದರೆ ಇಲಾಖೆಯ ವಸತಿಗೃಹ ಸಿಗುತ್ತಿತ್ತು, ಆ ಮನೆಯೊಳಗೇ ನಲ್ಲಿ ಇತ್ತು. ಊರಿಗೆಲ್ಲ ನೀರು ಸಾಗಿಸಿದವನ ಹೆಂಡತಿ ಬೀದಿಯ ಕೊನೆಯಿಂದ ಬಕೆಟ್ಟಿನಲ್ಲಿ ನೀರು ತರುತ್ತಿದ್ದಳು. ಅವಳು ಒಂದು ದಿನ ಆ ಖಾಲಿ ವಸತಿಗೃಹಕ್ಕೆ ಹೋಗಿ, ಯಾರೂ ನೋಡದಾಗ ನಲ್ಲಿ ತಿರುಗಿಸಿ, ನೀರು ಬಂದದ್ದನ್ನು ಕಣ್ಣಾರೆ ಕಂಡು, ಮತ್ತೆ ಬಿಗಿಯಾಗಿ ಮುಚ್ಚಿ ಬಂದಿದ್ದಳು. ಬಂದವಳು ಗಂಡನಿಗೆ ಹೇಳಿದ್ದು ಇಷ್ಟೇ: “ರೀ, ಕಾರನ್ನ ಚೆನ್ನಾಗಿ ನೋಡ್ಕೊಳ್ಳಿ.”

ಅವನು ನೋಡಿಕೊಂಡ. ಬಂದ ಮೊದಲ ದಿನವೇ ಕಾರು ತೊಳೆದ. ತೊಳೆದ ಮೇಲೆ ಒರೆಸಬೇಕಲ್ಲ, ಹೆಗಲ ಮೇಲಿನ ಟವೆಲ್ ತೆಗೆದ. ಟವೆಲ್ ಕೈತಪ್ಪಿ ನೆಲಕ್ಕೆ ಬಿತ್ತು. ಎತ್ತಿಕೊಂಡ, ಮೊಣಕಾಲಿಗೆ ಹೊಡೆದು ಕೊಡವಿದ, ಮನೆಯಲ್ಲಿ ಊಟದ ತಟ್ಟೆ ಒರೆಸುವ ಹಾಗೆ ಗುಂಡಗುಂಡಗೆ ತಿರುಗಿಸುತ್ತಾ ಕಾರಿನ ಮೂತಿ ಒರೆಸಿದ. ಕೊಡವಿದ ಟವೆಲಿನಲ್ಲಿ ಮರಳು ಉಳಿದಿತ್ತು. ಮರಳು ಬಣ್ಣಕ್ಕಿಂತ ಗಟ್ಟಿ. ಇದು ಸಣ್ಣ ವಿಷಯ, ಆದರೆ ಮುಂದಿನದ್ದೆಲ್ಲ ಇದರಿಂದಲೇ ಆಯಿತು.

ಸ್ವಲ್ಪ ಹೊತ್ತಿಗೆ ಬಿಸಿಲು ಬಂತು. ನಿರ್ದೇಶಕರೂ ಬಂದರು. ಕಪ್ಪು ಬಣ್ಣದಲ್ಲಿ ತಮ್ಮ ಮುಖ ನೋಡಿಕೊಳ್ಳಲು ಬಗ್ಗಿದರು. ಮುಖ ಕಂಡಿತು, ಜತೆಗೆ ಹಣೆಯ ಮೇಲೆ ಮೂರನೆಯ ಹುಬ್ಬೂ ಕಂಡಿತು.

“ಏನಿದು?”

“ಗೆರೆ ಸಾರ್.”

“ಗೆರೆ ಅಂತ ನನಗೂ ಕಾಣುತ್ತೆ. ಎಲ್ಲಿಂದ ಬಂತು?”

“ಟವೆಲಿಂದ ಸಾರ್. ಕೆಳಗೆ ಬಿದ್ದಿತ್ತು. ಕೊಡವಿದೆ.”

“ಕೊಡವಿದ್ರೆ ಆಯ್ತಾ?”

“ಇಷ್ಟು ವರ್ಷ ಆಗ್ತಿತ್ತು ಸಾರ್. ಟ್ಯಾಂಕರ್ ಏನೂ ಅಂತಿರಲಿಲ್ಲ.”

ನಿರ್ದೇಶಕರು ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ, ಸಮಿತಿ ಮಾಡುವವರು. ಗೆರೆಯನ್ನು ಪಾಲಿಶ್ ಹಾಕಿಸಿ ತೆಗೆಸಿದರು, ಆಮೇಲೆ ಟ್ಯಾಂಕರನ್ನು ಕೋಣೆಗೆ ಕರೆಸಿ ಶರತ್ತನ್ನು ಮೆಲ್ಲಗೆ ವಿವರಿಸಿದರು. ಈ ಕಾರನ್ನು ಅವನು ತೊಳೆಯಬೇಕು, ಒಂದೇ ಒಂದು ಗೆರೆ ಬೀಳದಂತೆ ಒಣಗಿಸಬೇಕು, ಒಣಗಿದ್ದನ್ನು ಸಮಿತಿ ಒಪ್ಪಬೇಕು, ಒಪ್ಪಿದ ಮೇಲೆ ಅವನು ನಿರ್ದೇಶಕರನ್ನು ಕೂರಿಸಿಕೊಂಡು ಹೋಗಿ ಒಂದಾದರೂ ಬೆಂಚು ತೋರಿಸಿಕೊಂಡು ಬರಬೇಕು. ತಿಂಗಳ ಕೊನೆಯೊಳಗೆ ಇಷ್ಟಾದರೆ ಕಾಯಂ. ಆಗದಿದ್ದರೆ ಏನೆಂದು ಅವರು ಹೇಳಲಿಲ್ಲ. ಒಳ್ಳೆಯ ಮನುಷ್ಯರಾದ್ದರಿಂದ ಕಿಟಕಿಯ ಕಡೆ ನೋಡಿದರು.

ಒಣಗಿಸುವಿಕೆ ಸಮಿತಿಯಲ್ಲಿ ಮೂವರಿದ್ದರು. ಮೊದಲನೆಯವರು ಸೂಪರಿಂಟೆಂಡೆಂಟ್ ಮೇಡಂ, ಇಲಾಖೆಯ ನಿಯಮಗಳನ್ನೆಲ್ಲ ಬರೆಯುವವರು. ಎರಡನೆಯವನು ಉಗ್ರಾಣದ ಗುಮಾಸ್ತ. ಅವನಿಗೆ ಚಿಲಕ ಎಂದು ಹೆಸರಿತ್ತು, ಯಾಕೆಂದರೆ ಏನು ಕೇಳಿದರೂ ಮೊದಲು ಎದ್ದು ಬಾಗಿಲು ಹಾಕುತ್ತಿದ್ದ. ಮೂರನೆಯವನು ನಿರ್ದೇಶಕರ ಭಾವಮೈದ. ಅವನು ಇಲಾಖೆಯವನಲ್ಲ, ಟವೆಲ್ ವ್ಯಾಪಾರಿ. ಅವನನ್ನು ತಜ್ಞ ಎಂದು ಸೇರಿಸಿಕೊಳ್ಳಲಾಗಿತ್ತು.

ಮೊದಲ ಸಭೆಯಲ್ಲಿ ತಜ್ಞ ಹೇಳಿದ್ದು ನಿಜವಾಗಿಯೂ ಸರಿಯಾಗಿತ್ತು. ಇದನ್ನು ಹೇಳಲೇಬೇಕು, ಇಲ್ಲವಾದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ನೀರಿನಿಂದ ಗೆರೆ ಬೀಳುವುದಿಲ್ಲ, ನೀರಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡ ಧೂಳಿನಿಂದ ಬೀಳುತ್ತದೆ ಎಂದ. ನೆರಳಲ್ಲಿ ನಿಲ್ಲಿಸಿ, ಧೂಳು ಪೂರ್ತಿ ಹೋಗುವ ತನಕ ನೀರು ಬಿಟ್ಟು, ಮೆತ್ತಗಿನ ದಪ್ಪ ಟವೆಲನ್ನು ಹಾಸಿಗೆ ಹಾಸಿದ ಹಾಗೆ ಕಾರಿನ ಮೇಲೆ ಹಾಸಿ, ಉಜ್ಜದೆ, ಒತ್ತದೆ, ನೀರು ಹೀರಿದ ಮೇಲೆ ಎತ್ತಬೇಕು ಎಂದ. ನೆಲಕ್ಕೆ ಬಿದ್ದ ಟವೆಲ್ ಮತ್ತೆ ಕಾರಿಗೆ ತಾಗಬಾರದು ಎಂದ. ಇಷ್ಟು ಹೇಳುವಾಗ ಟ್ಯಾಂಕರಿನ ಕಡೆ ಎಲ್ಲರೂ ನೋಡಿದರು. ಟ್ಯಾಂಕರ್ ಬೆನ್ನು ಬಿಗಿ ಹಿಡಿದು ನಿಂತಿದ್ದ.

“ಅಂಥ ಟವೆಲ್ ಎಲ್ಲಿ ಸಿಗುತ್ತೆ?” ಎಂದು ಮೇಡಂ ಕೇಳಿದರು.

“ನನ್ನ ಹತ್ರ ಇದೆ,” ಎಂದ ತಜ್ಞ.

“ಕಾಕತಾಳೀಯ,” ಎಂದರು ಮೇಡಂ, ಹಾಗೇ ಬರೆದುಕೊಂಡರು.

ಟವೆಲ್‌ಗಳು ಬಂದವು. ತಿಳಿನೀಲಿ ಬಣ್ಣ, ಕೈಯಿಟ್ಟರೆ ಕೈ ಕಾಣದಷ್ಟು ದಪ್ಪ. ಚಿಲಕ ಅವುಗಳನ್ನು ಉಗ್ರಾಣದಲ್ಲಿ ಜೋಡಿಸಿ ಬಾಗಿಲು ಹಾಕಿದ. ಆದರೆ ನೇರವಾಗಿ ಕಾರಿಗೆ ಹಾಕುವಂತಿರಲಿಲ್ಲ. ಟವೆಲ್ ಹೇಳಿದಷ್ಟು ಮೆತ್ತಗಿದೆಯೇ ಎಂದು ಮೊದಲು ಪರೀಕ್ಷೆ ಆಗಬೇಕಿತ್ತು. ಕಾರಿಗಿಂತ ಸೂಕ್ಷ್ಮವಾದ ಮೇಲ್ಮೈಯ ಮೇಲೆ ಪರೀಕ್ಷಿಸಿದರೆ ಕಾರಿಗೆ ಅಪಾಯವಿಲ್ಲ ಎಂದು ಮೇಡಂ ನಿಯಮ ಮಾಡಿದರು. ಕಾರಿಗಿಂತ ಸೂಕ್ಷ್ಮವಾದದ್ದು ಮನುಷ್ಯರ ಚರ್ಮ. ಹೀಗಾಗಿ ಸದಸ್ಯರು, ಸಿಬ್ಬಂದಿ, ಮಹಡಿಯ ಮೇಲಿನವರು, ಟೀ ತರುವವನು, ಎಲ್ಲರೂ ಒಂದೊಂದು ಜೊತೆ ಟವೆಲನ್ನು ಮನೆಗೆ ಒಯ್ದು ಸ್ನಾನದ ನಂತರ ಪರೀಕ್ಷಿಸಿದರು. ಚಿಲಕ ತನ್ನ ಮಗಳ ಹಸುಗೂಸಿನ ಮೇಲೆ ಪರೀಕ್ಷಿಸಿದ.

ವರದಿಗಳು ಬಹಳ ಚೆನ್ನಾಗಿ ಬಂದವು. ಯಾರ ಮೈಮೇಲೂ ಗೆರೆ ಬಿದ್ದಿರಲಿಲ್ಲ. ಟವೆಲ್‌ಗಳು ಮಾತ್ರ ವಾಪಸ್ ಬರಲಿಲ್ಲ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಪರೀಕ್ಷಿಸಿದ ಟವೆಲ್ ಎಂದರೆ ಬಳಸಿದ ಟವೆಲ್, ಬಳಸಿದ ಟವೆಲ್ ಇಲಾಖೆಯ ಕಾರಿಗೆ ತಾಗಬಾರದು.

“ಚಿಲಕಣ್ಣ, ಒಂದಾದ್ರೂ ಉಳಿದಿಲ್ವಾ?” ಎಂದು ಟ್ಯಾಂಕರ್ ಉಗ್ರಾಣದ ಬಾಗಿಲ ಸಂದಿಯಲ್ಲಿ ಕೇಳಿದ.

“ಉಳಿದಿದೆಯಪ್ಪ, ಒಂದು.”

“ಕೊಡಿ ಮತ್ತೆ.”

“ಪರೀಕ್ಷೆ ಮಾಡಿಸ್ದೇ ಹೇಗೆ ಕೊಡ್ಲಿ? ಪರೀಕ್ಷೆ ಆದ್ಮೇಲೆ ಹೇಗೆ ಕೊಡ್ಲಿ? ನೀನೇ ಹೇಳು.”

ಟ್ಯಾಂಕರ್ ಯೋಚಿಸಿದ. ಎರಡೂ ಸರಿಯಾಗೇ ಇದ್ದವು.

ಟವೆಲ್ ಇಲ್ಲವೆಂದ ಮೇಲೆ ಕಾರನ್ನು ಯಾವುದರಿಂದಲೂ ಮುಟ್ಟದೆ ಒಣಗಿಸುವುದೆಂದು ಸಮಿತಿ ನಿರ್ಣಯಿಸಿತು. ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

‘ಇಲಾಖೆಯ ಕಾರು ಒದ್ದೆ ಇರುವಾಗ ಅದನ್ನು ಕೈ, ಬಟ್ಟೆ, ಕಾಗದ, ತೋಳು ಅಥವಾ ಕುತೂಹಲದಿಂದ ಬೆರಳು ಇತ್ಯಾದಿಗಳಿಂದ ಯಾರೂ ಮುಟ್ಟತಕ್ಕದ್ದಲ್ಲ. ಒದ್ದೆ ಕಾರಿಗೆ ರಸ್ತೆಯ ಧೂಳು ಅಂಟುವುದರಿಂದ, ಒಣಗಿದೆಯೆಂದು ಸಮಿತಿ ಘೋಷಿಸುವವರೆಗೆ ಅದನ್ನು ಶೆಡ್ಡಿನಿಂದ ಹೊರಗೆ ತರತಕ್ಕದ್ದಲ್ಲ. ನಿಂತಲ್ಲೇ ಧೂಳು ಕೂತರೆ ಮತ್ತೆ ತೊಳೆಯತಕ್ಕದ್ದು.’

ಮರುದಿನ ಟ್ಯಾಂಕರ್ ಕಾರು ತೊಳೆದ. ತೊಳೆಯುವುದು ಅವನಿಗೆ ಕಷ್ಟವಲ್ಲ. ಆಮೇಲೆ ಸಿಬ್ಬಂದಿಯೆಲ್ಲ ಇಳಿದು ಬಂದು ಕಾರಿನ ಸುತ್ತ ನಿಂತು ಕಡತಗಳಿಂದ ಗಾಳಿ ಬೀಸಿದರು. ವರ್ಷಗಟ್ಟಲೆ ಒಂದೇ ಮೇಜಿನ ಮೇಲೆ ಮಲಗಿದ್ದ ಕಡತಗಳು ಆ ದಿನ ಬಹಳ ಚುರುಕಾಗಿ ಚಲಿಸಿದವು ಎಂದು ನಿರ್ದೇಶಕರು ಮೆಚ್ಚಿಕೊಂಡರು. ಟೀ ಹೊತ್ತಿಗೆ ಕಾರಿನ ಮೇಲೆ ಒಂದು ಹನಿಯೂ ಇರಲಿಲ್ಲ.

“ಮೇಡಂ, ಒಣಗಿದೆ,” ಎಂದ ಟ್ಯಾಂಕರ್.

“ಮುಟ್ಟಿ ನೋಡಿದ್ರಾ?”

“ಇಲ್ಲ ಮೇಡಂ. ಕಣ್ಣಿಗೆ ಕಾಣುತ್ತಲ್ಲ.”

“ಕಣ್ಣಿಗೆ ಕಾಣೋದು ಅಭಿಪ್ರಾಯ. ಮುಟ್ಟಿದ್ರೆ ಗೊತ್ತಾಗೋದು ಪುರಾವೆ. ಸಮಿತಿ ಅಭಿಪ್ರಾಯದ ಮೇಲೆ ಹೋಗೋಕಾಗಲ್ಲ.”

“ಹಾಗಾದ್ರೆ ಮುಟ್ಟಿ ನೋಡ್ತೀನಿ.”

“ಒದ್ದೆ ಇರೋವಾಗ ಮುಟ್ಟಬಾರದು ಅಂತ ಇದೆ.”

“ಒದ್ದೆ ಇಲ್ವಲ್ಲ ಮೇಡಂ!”

“ಅದು ಮುಟ್ಟಿದ ಮೇಲೆ ತಾನೇ ಗೊತ್ತಾಗೋದು?”

ಮೇಡಂ ಕಟುಕರಲ್ಲ. ಟ್ಯಾಂಕರಿನ ಮುಖ ನೋಡಿ ಅವರಿಗೂ ಕಷ್ಟವಾಯಿತು. ಒಂದು ಮಧ್ಯಾಹ್ನವಿಡೀ ಕೂತು ಯೋಚಿಸಿ ದಾರಿ ಹುಡುಕಿದರು. ಕಾರನ್ನು ಮುಟ್ಟುವಂತಿಲ್ಲ, ಆದರೆ ಕಾರಿನಂಥದ್ದೇ ಇನ್ನೊಂದನ್ನು ಮುಟ್ಟಬಹುದು. ಅದು ಉಕ್ಕಿನದಾಗಿರಬೇಕು, ಅದರ ಮೇಲೆ ಕಪ್ಪು ಬಣ್ಣ ಇರಬೇಕು, ಬಾಗಿಲು ಇರಬೇಕು. ಇಲಾಖೆಯಲ್ಲಿ ಈ ಮೂರೂ ಇದ್ದ ವಸ್ತು ಒಂದೇ, ಉಗ್ರಾಣದ ಬೀರು. ಅದನ್ನು ಕಾರಿನ ಪಕ್ಕದಲ್ಲಿ ನಿಲ್ಲಿಸಿ, ಕಾರು ತೊಳೆಯುವಾಗಲೇ ಅದನ್ನೂ ತೊಳೆದು, ಅದೇ ಗಾಳಿಯಲ್ಲಿ ಬಿಟ್ಟರೆ, ಬೀರು ಒಣಗಿದಾಗ ಕಾರೂ ಒಣಗಿದೆ ಎಂದು ತಿಳಿಯಬಹುದು. ಬೀರುವನ್ನು ಎಷ್ಟು ಬೇಕಾದರೂ ಮುಟ್ಟಬಹುದು.

ಚಿಲಕ ಬೀರು ಕೊಡಲು ಸ್ವಲ್ಪ ಸತಾಯಿಸಿದ. ಒಳಗಿದ್ದ ಹಳೆಯ ಕ್ಯಾಲೆಂಡರ್‌ಗಳನ್ನೂ ಒಂದು ಮುರಿದ ಕೊಡೆಯನ್ನೂ ತೆಗೆದಿಟ್ಟುಕೊಂಡ ಮೇಲೆ ಒಪ್ಪಿದ. ಬೀರುವಿಗೆ ‘ಕಾರಿನ ಅಧಿಕೃತ ಪ್ರತಿನಿಧಿ’ ಎಂಬ ಚೀಟಿ ಅಂಟಿಸಲಾಯಿತು. ಕಾರಿನ ವಿಷಯದಲ್ಲಿ ಬೀರು ಹೇಳಿದ್ದೇ ಕೊನೆಯ ಮಾತು ಎಂದು ಆದೇಶ ಹೊರಟಿತು.

ಟ್ಯಾಂಕರ್ ಎರಡನ್ನೂ ತೊಳೆದ. ಎಲ್ಲರೂ ಗಾಳಿ ಬೀಸಿದರು. ಮೇಡಂ ಬೀರುವಿನ ಹೊರಮೈ ಮೇಲೆ ಬೆರಳಾಡಿಸಿದರು. ಬೆರಳು ಒಣಗೇ ಇತ್ತು. ಟ್ಯಾಂಕರ್ ಜೇಬಿನಿಂದ ಕಾರಿನ ಕೀಲಿ ತೆಗೆದ. ಆದರೆ ಮೇಡಂ ಕೆಲಸಗಳ್ಳರಲ್ಲ. ಬೀರುವಿನ ಬಾಗಿಲು ತೆಗೆದರು, ಬಗ್ಗಿದರು, ತಳದ ಮೂಲೆಗೆ ಬೆರಳು ಹಾಕಿದರು. ಬಾಗಿಲ ಸಂದಿಯಿಂದ ಇಳಿದ ನೀರು ಅಲ್ಲಿ ನಿಂತಿತ್ತು.

“ಒಳಗೆ ಒದ್ದೆ ಇದೆ.”

“ಕಾರಿನ ಒಳಗೆ ನೀರೇ ಹೋಗಿಲ್ಲ ಮೇಡಂ!”

“ಕಾರಿನ ಮಾತು ಯಾರು ಆಡ್ತಿದಾರೆ ಇಲ್ಲಿ?” ಎಂದರು ಮೇಡಂ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಬೀರುವಿನ ತಳ ಒಣಗಲಿ ಎಂದು ಕಾದರು. ಕಾಯುವಷ್ಟರಲ್ಲಿ ಕಾರಿನ ಮೇಲೆ ಧೂಳು ಕೂತಿತು. ಧೂಳು ಕೂತ ಕಾರನ್ನು ತೊಳೆಯಬೇಕು. ಕಾರು ತೊಳೆದರೆ ಬೀರುವನ್ನೂ ತೊಳೆಯಬೇಕು. ಬೀರು ತೊಳೆದರೆ ತಳದಲ್ಲಿ ಮತ್ತೆ ನೀರು ನಿಲ್ಲುತ್ತದೆ. ಹೀಗೆ ಕಾರು ಪ್ರತಿದಿನ ಒಣಗುತ್ತಿತ್ತು, ಬೀರು ಯಾವ ದಿನವೂ ಒಣಗುತ್ತಿರಲಿಲ್ಲ, ತಿಂಗಳು ಮಾತ್ರ ತನ್ನ ಪಾಡಿಗೆ ತಾನು ಮುಗಿಯುತ್ತಾ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳುತ್ತಿದ್ದಳು. ಅವಳು ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಿದ್ದಳು.

“ರೀ, ಒಣಗ್ತಾ?”

“ಕಾರು ಒಣಗಿದೆ. ಬೀರು ಒಣಗಿಲ್ಲ.”

“ನೀವು ಯಾವುದಕ್ಕೆ ಡ್ರೈವರ್ರು?”

ಅವಳು ದಾರ ಕಚ್ಚಿ ಕತ್ತರಿಸಿದಳು. “ಬಾಗಿಲ ಸಂದಿಗೆ ಅಂಟು ಪಟ್ಟಿ ಹಾಕಿ ತೊಳೀರಿ. ನೀರು ಹೆಂಗೆ ಒಳಗೆ ಹೋಗುತ್ತೆ ನೋಡೇ ಬಿಡೋಣ.”

ಇದು ಒಳ್ಳೆಯ ಉಪಾಯವಾಗಿತ್ತು. ಮರುದಿನ ಟ್ಯಾಂಕರ್ ಬೀರುವಿನ ಸಂದಿಗಳಿಗೆಲ್ಲ ಅಂಟು ಪಟ್ಟಿ ಹಚ್ಚಿ ತೊಳೆದ. ಸಮಿತಿ ಅದನ್ನು ತಳ್ಳಿಹಾಕಿತು. ಕಾರಿಗೆ ಅಂಟು ಪಟ್ಟಿ ಇಲ್ಲದಿರುವಾಗ ಬೀರುವಿಗಿದ್ದರೆ ಅದು ಕಾರನ್ನು ಪ್ರತಿನಿಧಿಸುವುದಿಲ್ಲ, ಬರೀ ಬೀರುವನ್ನು ಪ್ರತಿನಿಧಿಸುತ್ತದೆ. ಕಾರಿಗೂ ಅಂಟಿಸೋಣವೆಂದರೆ ಕಾರನ್ನು ಮುಟ್ಟಬೇಕಾಗುತ್ತದೆ. ಟ್ಯಾಂಕರ್ ಪಟ್ಟಿಯನ್ನು ಮೆಲ್ಲಗೆ ಕಿತ್ತ.

ಈ ನಡುವೆ ತಜ್ಞ ಭಾವಮೈದ ಗಾಳಿ ಊದುವ ಯಂತ್ರವೊಂದನ್ನು ಇಲಾಖೆಗೆ ಮಾರಿದ. ಅದನ್ನು ಚಾಲೂ ಮಾಡಿದಾಗ ಬೀರುವಿನ ತಳ ಒಣಗುವ ಮೊದಲೇ ಶೆಡ್ಡಿನ ನೆಲದ ಧೂಳೆಲ್ಲ ಎದ್ದು ಒದ್ದೆ ಕಾರಿನ ಮೇಲೆ ಕೂತಿತು.

“ಭಾವ, ಯಂತ್ರದಲ್ಲಿ ಏನೂ ತೊಂದ್ರೆ ಇಲ್ಲ. ನಿಮ್ಮ ನೆಲದ್ದೇ ತೊಂದ್ರೆ,” ಎಂದ ಅವನು. “ನೆಲಕ್ಕೆ ಹಾಸೋಕೆ ನನ್ನ ಹತ್ರ ಒಂದು ಮ್ಯಾಟ್ ಇದೆ.”

ಮ್ಯಾಟ್ ಬಂತು. ಅದು ಮೆತ್ತಗಿತ್ತು, ಆದ್ದರಿಂದ ಪರೀಕ್ಷೆಗೆ ಹೋಯಿತು.

ಬೆಂಚುಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕೆಂದರೆ ಇಲಾಖೆ ಇರುವುದು ಅವುಗಳಿಗಾಗಿ. ನಿರ್ದೇಶಕರು ಎಲ್ಲಿಗೂ ಹೋಗದ ಕಾರಣ ಬೆಂಚುಗಳನ್ನು ಯಾರೂ ನೋಡಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ನಡುವಿನ ಹಲಗೆ ಕಿತ್ತು ಹೋಗಿ ಬೆಂಚು ತಕ್ಕಡಿಯ ಹಾಗಾಗಿತ್ತು, ಒಂದು ಅಂಚಿನಲ್ಲಿ ಕೂತವರು ಇನ್ನೊಂದು ಅಂಚಿನಲ್ಲಿ ಕೂತವರು ಏಳುವ ಮೊದಲು ಏಳುವಂತಿರಲಿಲ್ಲ. ಎದ್ದರೆ ಇನ್ನೊಬ್ಬರು ನೆಲಕ್ಕೆ. ಗುರುತು ಪರಿಚಯ ಇಲ್ಲದವರು ಒಬ್ಬರನ್ನೊಬ್ಬರು ಕೇಳಿಕೊಂಡು, ಒಂದು ಎರಡು ಮೂರು ಎಂದು ಒಟ್ಟಿಗೇ ಏಳುತ್ತಿದ್ದರು. ಇಂಥ ಅರ್ಜಿಗಳಿಗೆಲ್ಲ ಇಲಾಖೆ ಒಂದೇ ಉತ್ತರ ಕೊಡುತ್ತಿತ್ತು: ‘ಬೀರು ಒಣಗಿದ ಕೂಡಲೇ ಸ್ಥಳ ಪರಿಶೀಲನೆ ಮಾಡಲಾಗುವುದು.’ ಜನರಿಗೆ ಮೊದಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರೂ ಹಾಗೇ ಹೇಳತೊಡಗಿದರು. ಮಳೆ ಬಂದರೆ “ಅಯ್ಯೋ, ಬೀರು!” ಎಂದು ಆಕಾಶ ನೋಡುತ್ತಿದ್ದರು.

ತಿಂಗಳ ಕೊನೆಯ ದಿನ ಕಾರ್ಯದರ್ಶಿಗಳು ಬರುತ್ತಾರೆ ಎಂದು ಸುದ್ದಿ ಬಂತು. ಕಾರ್ಯದರ್ಶಿಗಳು ಎಂದರೆ ನಿರ್ದೇಶಕರಿಗಿಂತ ಮೇಲಿನವರು. ಅವರು ಕಾರನ್ನೂ ನೋಡುವವರಿದ್ದರು, ಬೆಂಚನ್ನೂ ನೋಡುವವರಿದ್ದರು, ತಾತ್ಕಾಲಿಕ ಸಿಬ್ಬಂದಿಯಲ್ಲಿ ಯಾರನ್ನು ಇಟ್ಟುಕೊಳ್ಳುವುದು ಎಂಬ ಕಾಗದಕ್ಕೆ ಸಹಿಯನ್ನೂ ಹಾಕುವವರಿದ್ದರು.

ಹಿಂದಿನ ದಿನ ಸಮಿತಿಯ ತುರ್ತು ಸಭೆ ಸೇರಿತು. ಟ್ಯಾಂಕರನ್ನೂ ಒಳಗೆ ಕರೆದರು. ಬೀರುವಿನ ತಳ ಒದ್ದೆಯೇ ಇತ್ತು.

“ನಾವು ನಮ್ಮ ಕೈಲಾದ್ದೆಲ್ಲ ಮಾಡಿದ್ವಿ,” ಎಂದರು ನಿರ್ದೇಶಕರು, ಕಿಟಕಿಯ ಕಡೆ ನೋಡುತ್ತಾ. “ಕಾರು ಒಣಗ್ಲಿಲ್ಲ, ರಸ್ತೆಗೆ ಬರ್ಲಿಲ್ಲ, ಬೆಂಚು ನೋಡ್ಲಿಲ್ಲ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಬಿಡು. ಆದ್ರೆ ತಪ್ಪಿಲ್ಲ ಅಂತ ಕಾಯಂ ಮಾಡೋಕೆ ಬರಲ್ಲ.”

ಟ್ಯಾಂಕರಿಗೆ ಬಕೆಟ್ ಹಿಡಿದು ಒಂದು ಕಡೆ ವಾಲಿಕೊಂಡು ಬರುವ ಹೆಂಡತಿಯ ನಡಿಗೆ ಕಣ್ಣಮುಂದೆ ಬಂತು. ಅಷ್ಟು ದಿನ ಯಾರ ಎದುರೂ ದನಿ ಎತ್ತದವನು ಎತ್ತಿದ.

“ಅಲ್ಲ ಮೇಡಂ, ಕಾರಿನ ಪರವಾಗಿ ಬೀರು ಒದ್ದೆ ಆಗಬಹುದು, ಕಾರಿನ ಪರವಾಗಿ ಬೀರು ಒಣಗಬಹುದು. ಹಾಗಿದ್ರೆ ಕಾರಿನ ಪರವಾಗಿ ಬೀರುನೇ ರಸ್ತೆಗೆ ಕಳಿಸಿಬಿಡಿ! ಸಾರ್‌ನ ಅದರಲ್ಲೇ ಕೂರಿಸಿ, ಬಾಗಿಲು ಹಾಕಿ! ನಾನೇ ತಳ್ಕೊಂಡು ಹೋಗ್ತೀನಿ, ಏನಂತೆ?”

ಇದನ್ನು ಅವನು ಕೋಪದಿಂದ ಹೇಳಿದ. ಕೋಪ ದಾಖಲಾಗಲಿಲ್ಲ, ಮಾತು ದಾಖಲಾಯಿತು.

ಮೇಡಂ ಕನ್ನಡಕ ತೆಗೆದು ಒರೆಸಿದರು, ತಿಳಿನೀಲಿ ಟವೆಲಿನ ಒಂದು ತುಂಡಿನಿಂದ. ಆಮೇಲೆ ತಾವೇ ಬರೆದ ಆದೇಶವನ್ನು ಜೋರಾಗಿ ಓದಿದರು: “ಕಾರಿನ ವಿಷಯದಲ್ಲಿ ಬೀರು ಹೇಳಿದ್ದೇ ಕೊನೆಯ ಮಾತು.” ಎರಡನೆಯ ಸಲ ಮೆಲ್ಲಗೆ ಓದಿದರು.

“ಒದ್ದೆ ಕಾರು ರಸ್ತೆಗೆ ಹೋಗಬಾರದು ಅಂತ ಇದೆ,” ಎಂದರು ಕೊನೆಗೆ. “ಒದ್ದೆ ಬೀರು ಹೋಗಬಾರದು ಅಂತ ಎಲ್ಲೂ ಇಲ್ಲ.”

“ಬೀರು ಹೋದ್ರೆ ಕಾರು ಹೋದ ಹಾಗೇನಾ?” ಎಂದು ನಿರ್ದೇಶಕರು ಕೇಳಿದರು.

“ಅಲ್ದೆ ಮತ್ತೇನು ಸಾರ್? ಬೀರು ಕಾರಿನ ಪ್ರತಿನಿಧಿ.”

“ನಾನು ಒಳಗೆ ಹಿಡೀತೀನಾ?”

“ಅಡ್ಡತಟ್ಟೆಗಳನ್ನ ತೆಗೆದ್ರೆ ಹಿಡೀತೀರ ಸಾರ್,” ಎಂದ ಚಿಲಕ. ಬೀರುವಿನ ಅಳತೆ ಅವನಿಗೆ ಗೊತ್ತಿತ್ತು. “ಕೊಡೆ ಇತ್ತಲ್ಲ, ಆ ಜಾಗದಲ್ಲಿ ಕಾಲು ಚಾಚಬಹುದು.”

ಭಾವಮೈದನ ಹತ್ತಿರ ಚಕ್ರಗಳು ಇದ್ದವು.

ಸಂಜೆಯೊಳಗೆ ಎಲ್ಲ ಸಿದ್ಧವಾಯಿತು. ಬೀರುವಿನ ತಳಕ್ಕೆ ಚಕ್ರ ಜೋಡಿಸಿದರು, ಒಳಗಿನ ಅಡ್ಡತಟ್ಟೆಗಳನ್ನು ಬಿಚ್ಚಿ ಸ್ಟೂಲ್ ಇಟ್ಟರು. ತಳ ಒದ್ದೆ ಇದ್ದುದರಿಂದ ನಿರ್ದೇಶಕರ ಪಾದದ ಕೆಳಗೆ ಒಂದು ಹಲಗೆ ಹಾಕಿದರು. ಬಸ್ ನಿಲ್ದಾಣದ ಬೆಂಚಿನಿಂದ ಕಿತ್ತು ಬಂದು, ಯಾರೋ ಅರ್ಜಿಯ ಜತೆ ತಂದುಕೊಟ್ಟಿದ್ದ ಹಲಗೆ ಉಗ್ರಾಣದಲ್ಲಿತ್ತು, ಅಳತೆಗೆ ಸರಿಯಾಗಿ ಕೂತಿತು. ಗಾಳಿಗೆ, ಬೆಳಕಿಗೆ, ಪರಿಶೀಲನೆಗೆ ಬಾಗಿಲನ್ನು ಒಂದು ಗೇಣು ತೆರೆದಿಡುವುದೆಂದು ಆಯಿತು.

ಕಾರ್ಯದರ್ಶಿಗಳು ಹೇಳಿದ ಹೊತ್ತಿಗೆ ಬಂದರು. ಮೊದಲು ಶೆಡ್ಡಿಗೆ ಹೋಗಿ ಕಾರು ನೋಡಿದರು. ಮುಂದೆ ಬಗ್ಗಿ, ಹಿಂದೆ ಬಗ್ಗಿ, ಪಕ್ಕದಿಂದ ಕಣ್ಣು ಕಿರಿದು ಮಾಡಿ ನೋಡಿದರು.

“ಒಂದು ಗೆರೆ ಇಲ್ವಲ್ರೀ! ಓಡಿಸೇ ಇಲ್ವೇನೋ ಅನ್ನೋ ಹಾಗಿದೆ.”

“ಓಡಿಸಿಲ್ಲ ಸಾರ್,” ಎಂದರು ನಿರ್ದೇಶಕರು.

“ಭೇಷ್. ನಮ್ಮವರೂ ಇದಾರೆ, ಕೊಟ್ಟ ಮರುದಿನವೇ ಓಡಿಸಿಬಿಡ್ತಾರೆ. ಮತ್ತೆ ನೀವು ಓಡಾಡೋದು?”

ಬೀರುವನ್ನು ತೋರಿಸಿದರು. ಮೇಡಂ ವಿವರಿಸಿದರು. ಕಾರ್ಯದರ್ಶಿಗಳು ಪೂರ್ತಿ ಕೇಳಿಸಿಕೊಂಡರು, ಬೀರುವಿನ ಸುತ್ತ ಒಂದು ಸಲ ಬಂದರು, ಬಾಗಿಲು ತೆಗೆದು ತಲೆ ಒಳಗೆ ಹಾಕಿದರು. ತಲೆ ಸ್ವಲ್ಪ ಹೊತ್ತು ಒಳಗೇ ಇತ್ತು. ಟ್ಯಾಂಕರ್ ಬೆನ್ನು ಬಿಗಿ ಹಿಡಿದ.

ತಲೆ ಹೊರಗೆ ಬಂತು. “ಇಬ್ಬರು ಕೂರೋ ಥರದ್ದು ಇದೆಯಾ?”

“ನನ್ನ ಹತ್ರ ಇದೆ,” ಎಂದ ಭಾವಮೈದ.

ನಿರ್ದೇಶಕರು ಒಳಗೆ ಕೂತರು. ಟ್ಯಾಂಕರ್ ಹಿಂದಿನಿಂದ ಬೀರುವಿಗೆ ಎರಡೂ ಅಂಗೈ ಕೊಟ್ಟು ತಳ್ಳಿದ. ಮೊದಲು ಅಲುಗಲಿಲ್ಲ, ಆಮೇಲೆ ಅಲುಗಿತು, ಆಮೇಲೆ ಗೇಟು ದಾಟಿತು. ಸಿಬ್ಬಂದಿ ಕಿಟಕಿಗಳಲ್ಲಿ ನಿಂತು ನೋಡಿದರು. ಒಬ್ಬಿಬ್ಬರು ಅಭ್ಯಾಸಬಲದಿಂದ ಕಡತ ಬೀಸಿದರು. ಇಳಿಜಾರಿನಲ್ಲಿ ಟ್ಯಾಂಕರ್ ಮುಂದೆ ಬಂದು ಬೆನ್ನು ಕೊಟ್ಟು ಬೀರುವನ್ನು ತಡೆದು ತಡೆದು ಇಳಿಸಿದ. ಒಳಗಿನ ಭಾರ ಮುಂದಕ್ಕೆ ಜರುಗಿ ಬೆನ್ನಿಗೆ ಗುದ್ದಿತು. ಆ ಗುದ್ದು ಅವನಿಗೆ ಹೊಸದಲ್ಲ, ಬಿಗಿ ಹಿಡಿದ ಬೆನ್ನು ತಡೆದುಕೊಂಡಿತು. ಇಲಾಖೆಗೆ ಸೇರಿದ ಮೇಲೆ ಮೊದಲ ಸಲ ತಾನು ಡ್ರೈವರ್ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ಆದರೆ ಅಷ್ಟರಲ್ಲಿ ತಿರುವು ಬಂತು.

ಬಸ್ ನಿಲ್ದಾಣದ ಬೆಂಚಿನಲ್ಲಿ ಒಬ್ಬ ಅಜ್ಜಿಯೂ ಒಬ್ಬ ಪೇಂಟರೂ ಒಂದೊಂದು ಅಂಚಿನಲ್ಲಿ ಕೂತಿದ್ದರು.

“ಬೀರು ಮಾರಕ್ಕೆ ತಂದ್ಯೇನಪ್ಪ?” ಎಂದಳು ಅಜ್ಜಿ.

“ಇಲ್ಲಜ್ಜಿ. ಇದು ನಿರ್ದೇಶಕರ ಕಾರು.”

“ಓ, ಅದೇ ಬೀರುನಾ ಇದು! ಒಣಗ್ಲಿಲ್ವಾ ಇನ್ನೂ?”

“ಇಲ್ಲಜ್ಜಿ.”

“ಒಳಗಿದಾರಾ ಅವರು?”

“ಇದಾರೆ.”

ಅಜ್ಜಿ ಕೂತಲ್ಲಿಂದಲೇ ಬಗ್ಗಿ ಬಾಗಿಲ ಸಂದಿಗೆ ಬಾಯಿ ತಂದಳು. “ಸ್ವಾಮಿ, ಈ ಬೆಂಚಿನ ನಡುವಿನ ಹಲಗೆ ಹೋಗಿದೆ. ನಾವು ಕೂತ್ರೆ ಏಳೋ ಹಾಗಿಲ್ಲ.”

ಒಳಗೆ ನಿರ್ದೇಶಕರ ಕಾಲ ಕೆಳಗಿನ ಹಲಗೆ ಸ್ವಲ್ಪ ಕಿರುಗುಟ್ಟಿತು. “ಗಮನಕ್ಕೆ ಬಂದಿದೆ,” ಎಂಬ ಮಾತು ಸಂದಿಯಿಂದ ಬಂತು.

“ಪಾಪ, ಬಂದು ನೋಡಿದ್ರಲ್ಲ, ಅಷ್ಟು ಸಾಕು,” ಎಂದಳು ಅಜ್ಜಿ. ಪೇಂಟರ್ ಹೌದೆಂದು ತಲೆಯಾಡಿಸಿದ. ಬಸ್ ಬಂತು. ಇಬ್ಬರೂ ಒಂದು ಎರಡು ಮೂರು ಎಂದು ಎಣಿಸಿ ಒಟ್ಟಿಗೇ ಎದ್ದರು.

ಆ ದಿನವೇ ಕಾಗದಕ್ಕೆ ಸಹಿ ಬಿತ್ತು. ಕಾರು ಗೆರೆ ಇಲ್ಲದೆ ಇತ್ತು, ಪ್ರತಿನಿಧಿಯ ಮೂಲಕ ರಸ್ತೆಗೆ ಬಂದಿತ್ತು, ಬೆಂಚು ನೋಡಿತ್ತು. ಶರತ್ತುಗಳಲ್ಲಿ ಒಣಗುವುದೊಂದು ಬಾಕಿ ಇತ್ತು, ಅದು ಪ್ರಗತಿಯಲ್ಲಿದೆ ಎಂದು ಮೇಡಂ ಷರಾ ಬರೆದರು. ಟ್ಯಾಂಕರ್ ಕಾಯಂ ಆದ. ಹೆಂಡತಿ ವಸತಿಗೃಹಕ್ಕೆ ಬಂದ ಮೊದಲ ಬೆಳಗ್ಗೆ ನಲ್ಲಿ ತಿರುಗಿಸಿ, ಬಕೆಟ್ ತುಂಬಿ ಹರಿಯುವ ತನಕ ಸುಮ್ಮನೆ ನಿಂತಿದ್ದಳು. ಆಮೇಲೆ ಗಂಡನ ಅಂಗೈಗಳನ್ನು ನೋಡಿ, ಹೊಲಿಗೆಯ ತುಂಡು ಬಟ್ಟೆಗಳಿಂದ ಅವನಿಗೆ ಎರಡು ಮೆತ್ತೆ ಹೊಲಿದುಕೊಟ್ಟಳು. “ಕಾರಿಗೆ ಗೇರ್ ಇದೆಯೇನ್ರೀ?” ಎಂದು ಆಗಾಗ ಕೇಳುತ್ತಾಳೆ. ಅವನು ಇದೆ ಎನ್ನುತ್ತಾನೆ.

ಈಗ ಊರಿನಲ್ಲಿ ಬೇರೆ ಇಲಾಖೆಗಳ ಬೀರುಗಳೂ ಓಡಾಡುತ್ತವೆ. ಅವುಗಳ ಕಾರುಗಳು ಶೆಡ್ಡುಗಳಲ್ಲಿ ಹೊಳೆಯುತ್ತಾ ನಿಂತಿವೆ. ಬೀರುಗಳಿಗೆಂದು ರಸ್ತೆಯ ಎಡಬದಿಯಲ್ಲಿ ಒಂದು ಪಟ್ಟೆ ಬಳಿಯಲಾಗಿದೆ. ಮೊನ್ನೆ ದೊಡ್ಡ ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದು ಟ್ಯಾಂಕರನ್ನು ನಿಲ್ಲಿಸಿದ. ಹಿಂದೆ ಎರಡು ಬಸ್ಸೂ ಒಂದು ಲಾರಿಯೂ ನಿಂತವು; ಯಾರೂ ಹಾರ್ನ್ ಹೊಡೆಯಲಿಲ್ಲ. ಪೊಲೀಸಿನವನು ಬೀರುವಿನ ಹತ್ತಿರ ಬಂದು, ಬಾಗಿಲ ಸಂದಿಯಲ್ಲಿ ಕಂಡ ಮೊಣಕಾಲಿಗೆ ಸಲಾಮು ಹೊಡೆದ. ಆಮೇಲೆ ಬಗ್ಗಿ, ಬೆರಳನ್ನು ತಳದ ಮೂಲೆಗೆ ಹಾಕಿ, ಎತ್ತಿ ನೋಡಿದ.

“ಒದ್ದೆ ಇದೆಯಲ್ಲ.”

“ಇದೆ ಸಾರ್. ಬೆಳಗ್ಗೆ ತೊಳೆದೆ.”

ಪೊಲೀಸಿನವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ರಸ್ತೆಯ ಆ ಕಡೆ ಈ ಕಡೆ ನೋಡಿ, ಎದುರಿಂದ ಬರುತ್ತಿದ್ದ ವಾಹನಗಳನ್ನೆಲ್ಲ ತಡೆದು ದಾರಿ ಮಾಡಿಕೊಟ್ಟ.

“ಹಾಗಾದ್ರೆ ಆ ಕಡೆಯಿಂದ ಹೋಗಣ್ಣ,” ಎಂದ. “ಅಲ್ಲಿ ಬಿಸಿಲಿದೆ.”